ಕಿರುಬದಲ್ಲಿದ್ದ ಹೆಸರು

ಹೊರಗಿನ ಊರುಗಳಲ್ಲಿ ಯಾರನ್ನಾದರೂ ಕಿರುಬ ಎಂದು ಕರೆದು ನೋಡಿ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೊಡೆಯಲು ಬರುತ್ತಾರೆ. ಅಲ್ಲಿ ಅದು ಹೊಟ್ಟೆಬಾಕನಿಗೆ, ಅಂದಗೆಟ್ಟವನಿಗೆ, ಇನ್ನೊಬ್ಬರು ಬಿಟ್ಟದ್ದನ್ನು ಬಾಚಿಕೊಳ್ಳುವವನಿಗೆ ಇಟ್ಟ ಹೆಸರು. ಮಲಗದ ಮಕ್ಕಳನ್ನು ಹೆದರಿಸುವುದಕ್ಕೂ ಅದೇ ಬೇಕು. ಕೆಲವರು ಅದರ ಮುಂದೆ ಒಂದು ಕತ್ತೆಯನ್ನೂ ಕಟ್ಟಿ ಕತ್ತೆಕಿರುಬ ಅನ್ನುತ್ತಾರೆ. ಕತ್ತೆ ಏನು ಪಾಪ ಮಾಡಿತ್ತೋ ತಿಳಿಯದು. ಒಮ್ಮೆ ಪರಊರಿನ ಬಸ್ಸಿನಲ್ಲಿ ಬಾಗಿಲಿಗೆ ಅಡ್ಡ ನಿಂತಿದ್ದೆನೆಂದು ಕಂಡಕ್ಟರ್ ನನ್ನನ್ನು "ಲೇ ಕಿರುಬಾ" ಎಂದು ಬೈದ. ನಾನು "ಓ" ಅಂದೆ. ಇಷ್ಟು ದೂರ ಬಂದರೂ ನನ್ನ ಗುರುತು ಹಿಡಿಯುವವನೊಬ್ಬ ಇದ್ದಾನಲ್ಲ ಎಂದು ಖುಷಿಯಾಗಿ ಅವನ ಕೈ ಹಿಡಿದು ಊರು ಯಾವುದೆಂದು ಕೇಳಿದೆ. ಪಾಪ, ಅವನು ಕೈ ಬಿಡಿಸಿಕೊಂಡು ಡ್ರೈವರನ ಹತ್ತಿರ ಹೋಗಿ ಕೂತವನು ನಾನು ಇಳಿಯುವ ತನಕ ಇತ್ತ ಬರಲಿಲ್ಲ.

ನನ್ನ ಹೆಸರೇ ಕಿರುಬ. ಊರಿನಲ್ಲಿ ದೊಡ್ಡ ಕಿರುಬ ಅನ್ನುತ್ತಾರೆ, ಯಾಕೆಂದರೆ ಸಣ್ಣ ಕಿರುಬಗಳು ಓಣಿ ಓಣಿಯಲ್ಲೂ ಇವೆ. ನಮ್ಮೂರಲ್ಲಿ ಹುಟ್ಟಿದ ಕೂಸುಗಳೆಲ್ಲ ಮೊದಲು ಕಿರುಬಗಳೇ. ಒಬ್ಬರು ಸತ್ತರೆ ಅವರ ಹೆಸರು ಗುಡ್ಡದ ಒಂದು ಕಿರುಬಕ್ಕೆ ಹೋಗುತ್ತದೆ. ಮನೆಯವರು ಗುಡ್ಡದ ಬುಡದಲ್ಲಿ ನಿಂತು ಸತ್ತವರ ಹೆಸರು ಕೂಗುತ್ತಾರೆ. ಯಾವ ಪ್ರಾಣಿ ತಿರುಗಿ ನೋಡುತ್ತದೋ ಅದು ಹೆಸರನ್ನು ತೊಟ್ಟುಕೊಂಡಿತು ಎಂದು ಲೆಕ್ಕ. ಎಲುಬನ್ನೇ ಅರಗಿಸಿಕೊಳ್ಳುವ ಜೀವ ಅದು. ಹೆಸರಿಗೆ ಅಂಟಿಕೊಂಡ ಸಂಕಟ, ಹಟ, ಹಳೆಯ ಕೆಮ್ಮು ಎಲ್ಲವನ್ನೂ ನಿಧಾನವಾಗಿ ಅರಗಿಸಿಕೊಳ್ಳುತ್ತದೆ. ಆಮೇಲೊಂದು ದಿನ ಕೂಗಿದರೆ ತಿರುಗುವುದಿಲ್ಲ. ಆಗ ಹೆಸರು ಬಿಡುಗಡೆಯಾಯಿತೆಂದು ಮನೆಗೆ ತಂದು ಕೂಸಿಗೆ ಇಡುತ್ತಾರೆ. ಅಲ್ಲಿಯವರೆಗೆ ನಮ್ಮ ಹೆಸರು ಅದಕ್ಕೆ, ಅದರ ಹೆಸರು ನಮ್ಮ ಕೂಸಿಗೆ. ಹೆಸರಿಗೆ ಗಂಡು ಹೆಣ್ಣು ಎಂಬ ಭೇದ ನಮ್ಮಲ್ಲಿಲ್ಲ. ನಮ್ಮ ಕಸಾಯಿ ಅಂಗಡಿಯ ಗಂಗವ್ವನಿಗೆ ಕಿವಿಯ ತನಕ ಮೀಸೆ ಇದೆ, ಹೋಗಿ ನೋಡಿ ಬೇಕಾದರೆ.

ಈ ವ್ಯವಹಾರ ನಮ್ಮ ಮಾತಿನೊಳಗೂ ಸೇರಿಹೋಗಿದೆ. ನೆರೆಮನೆಗೆ ಕೊಟ್ಟ ಒನಕೆ ತಿರುಗಿ ಬರದಿದ್ದರೆ "ಕಿರುಬದಾಗ ಐತಿ" ಅನ್ನುತ್ತೇವೆ. ಹಳೆಯ ಪ್ರೇಮ ಮರೆತ ಹುಡುಗಿ ಎದುರಿಗೆ ಬಂದರೂ ಕತ್ತು ಹೊರಳಿಸದೆ ಹೋದರೆ, "ಕಿರುಬ ತಿರುಗಲಿಲ್ಲ, ಬಿಡಪಾ" ಎಂದು ಹುಡುಗನಿಗೆ ಸಮಾಧಾನ ಹೇಳುತ್ತೇವೆ.

ಒಂದೇ ಕಟ್ಟಳೆ. ಕೂಸಿನ ಮೊದಲ ಹಾಲುಹಲ್ಲು ಬೀಳುವುದರೊಳಗೆ ಹೆಸರು ಬರಬೇಕು. ಬರದಿದ್ದರೆ ಕೂಸು ಸಾಯುವ ತನಕ ಕಿರುಬವೇ. ನನ್ನ ಅಜ್ಜನ ಹೆಸರು ಹೊತ್ತ ಪ್ರಾಣಿ ಮಹಾ ಮೊಂಡ. ನನ್ನ ಹಲ್ಲು ಬಿತ್ತು, ಹೆಸರು ಬರಲಿಲ್ಲ. ಮುಂದೆ ಅದು ನಮ್ಮ ಚಿಕ್ಕಪ್ಪನ ಮೊಮ್ಮಗನಿಗೆ ಸಿಕ್ಕಿತು. ಆ ಪುಣ್ಯಾತ್ಮ ಈಗ ನನ್ನ ಅಂಗಡಿಯಲ್ಲೇ ಬಂದು ಚಹಾ ಕುಡಿಯುತ್ತಾನೆ, ಸಕ್ಕರೆ ಕಡಿಮೆ ಎಂದು ತಕರಾರು ಬೇರೆ. ನನಗೇನೂ ಬೇಸರವಿಲ್ಲ. ಗುಡ್ಡದ ಬುಡದಲ್ಲಿ ಅಂಗಡಿ ಇದೆ, ಚಹಾಕ್ಕೂ ಮಿರ್ಚಿಗೂ ಜನ ಬರುತ್ತಾರೆ. ಆದರೆ ನಾನು ಸತ್ತ ದಿನ ಗುಡ್ಡದ ಬುಡದಲ್ಲಿ ನಿಂತು ಕೂಗಲು ಏನೂ ಇರುವುದಿಲ್ಲ. ಕಿರುಬಕ್ಕೆ ಕಿರುಬ ಅನ್ನುವ ಹೆಸರು ಕೊಡುವುದು ಹೇಗೆ? ಊರಿನ ತಾಯಂದಿರು ನನ್ನನ್ನು ಕಂಡು ಲೊಚಗುಟ್ಟಿ, ತಮ್ಮ ಮಕ್ಕಳ ಹಲ್ಲು ಮುಟ್ಟಿ ನೋಡಿಕೊಳ್ಳುತ್ತಾರೆ.

ಶಾವಂತ್ರೆವ್ವನ ಸಂಗತಿ ನನಗೆ ಗೊತ್ತಾದದ್ದು ಈ ಅಂಗಡಿಯಿಂದಲೇ. ಆಕೆಯ ಗಂಡ ದ್ಯಾಮಣ್ಣ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಗಿರಣಿಯ ಸದ್ದಿನ ಮೇಲೆ ದನಿಯೇರಿಸಿ ಆತ "ಶಾವಂತ್ರೀ" ಎಂದು ಕೂಗಿದರೆ ಇಡೀ ಓಣಿಗೆ ಕೇಳುತ್ತಿತ್ತು. ಆಕೆಗೆ ಮಾತ್ರ ತಿರುಗಿ ಕೂಗುವ ಹಾಗಿರಲಿಲ್ಲ. ಗಂಡನ ಹೆಸರನ್ನು ಹೆಂಡತಿ ಹೇಳಬಾರದಲ್ಲ, ಅದರಲ್ಲಿ ನಮ್ಮೂರು ನಿಮ್ಮೂರಿನ ಹಾಗೆಯೇ. ಊಟಕ್ಕೆ ಕರೆಯಲು ಬಾಗಿಲಲ್ಲಿ ನಿಂತು "ಇಲ್ನೋಡ್ರಿ" ಅನ್ನುವಳು, ಆ ಸದ್ದಿನಲ್ಲಿ ಆತನಿಗೆ ಕೇಳುತ್ತಿರಲಿಲ್ಲ. ಬಳೆ ಸದ್ದು ಮಾಡುವಳು, ಕೇಳುತ್ತಿರಲಿಲ್ಲ. ಕೊನೆಗೆ ಒಳಗೆ ಹೋಗಿ, ಮೈಯೆಲ್ಲ ಹಿಟ್ಟು ಮಾಡಿಕೊಂಡು, ಆತನ ಅಂಗಿ ಜಗ್ಗಬೇಕು. ಜೀವಮಾನವಿಡೀ ಆ ಮನುಷ್ಯನನ್ನು ಅಂಗಿ ಜಗ್ಗಿಯೇ ಕರೆದಳು.

ಆತ ತೀರಿಕೊಂಡ ಮೇಲೆ ಮಗ ಬಾಳಪ್ಪ ಗುಡ್ಡದ ಬುಡದಲ್ಲಿ ನಿಂತು ಕೂಗಿದ. ಒಂದು ಕಿವಿ ಹರಿದ, ಎತ್ತರದ ಹೆಗಲಿನ ಪಟ್ಟೆ ಪಟ್ಟೆಯ ಪ್ರಾಣಿಯೊಂದು ತಿರುಗಿತು. ಅದೇ ದ್ಯಾಮಣ್ಣ ಎಂದಾಯಿತು. ಆಮೇಲೆ ಅತ್ತ ಯಾರೂ ಹೋಗಬಾರದು, ಕರೆಯಬಾರದು, ಏನೂ ಹಾಕಬಾರದು. ಮರೆಯಲು ಬಿಡಬೇಕು. ಅದೇ ಸುಮಾರಿಗೆ ಸೊಸೆ ಶಂಕ್ರವ್ವನಿಗೆ ಹೆಣ್ಣುಮಗು ಹುಟ್ಟಿತು, ವಾಡಿಕೆಯಂತೆ ಕಿರುಬ ಎಂದು ಕರೆದು ತೊಟ್ಟಿಲಿಗೆ ಹಾಕಿದರು.

ಒಂದು ಸಂಜೆ ಶಾವಂತ್ರೆವ್ವ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ನನ್ನ ಅಂಗಡಿಯ ಹಿಂದಿನಿಂದ ಹಾದು ಹೋದಳು. ಗಂಗವ್ವನ ಅಂಗಡಿಯ ಎಲುಬು. ನನಗೆ ಕಾಣಿಸಿತು, ಆದರೆ ಚಹಾ ಸೋಸುವವನಿಗೆ ಯಾಕೆ ಊರ ಉಸಾಬರಿ? ಗುಡ್ಡದ ಬುಡದ ಬಂಡೆಯೊಂದರ ಹತ್ತಿರ ನಿಂತು ಬಹಳ ಹೊತ್ತು ಬಾಯಿ ತೆರೆದಳು, ಮುಚ್ಚಿದಳು. ದನಿ ಹೊರಡಲೇ ಇಲ್ಲ. ಆಮೇಲೊಮ್ಮೆ ಹೊರಟಿತು ನೋಡಿ. "ದ್ಯಾಮಣ್ಣಾ!" ಪ್ರಾಣಿ ತಿರುಗಿತು. ಆಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಬಂಡೆಗೆ ಒರಗಿ ನಕ್ಕಳು. ವಯಸ್ಸಾದ ಹೆಂಗಸು ಹಾಗೆ ನಗುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಲ್ಲಿಂದ ಆಕೆಗೆ ಅದೇ ರೂಢಿಯಾಯಿತು. ದನ ಮನೆಗೆ ಬರುವ ಹೊತ್ತಿಗೆ ಬರುವಳು, ಎಲುಬು ಹಾಕುವಳು, ಅದು ಕಟಕಟ ಕಡಿಯುತ್ತಿದ್ದರೆ ಎದುರಿಗೆ ಕೂತು ಮನೆಯ ಸುದ್ದಿ ಹೇಳುವಳು. ಗಿರಣಿಯ ಪಟ್ಟಿ ಹರಿದದ್ದು, ಬಾಳಪ್ಪ ಹೊಸ ಪಟ್ಟಿ ತರಲು ಸೋಮಾರಿತನ ಮಾಡಿದ್ದು, ಎಲ್ಲ. ಮಾತು ಮಾತಿಗೂ ದ್ಯಾಮಣ್ಣ. "ಕೇಳಿದೇನು ದ್ಯಾಮಣ್ಣ, ನೋಡಿದೇನು ದ್ಯಾಮಣ್ಣ." ವಾಪಸು ಹೋಗುವಾಗ ನನ್ನಲ್ಲಿ ಒಂದು ಚಹಾ ಕುಡಿಯುವಳು. ಮನಸ್ಸು ಹಗುರಾದವರಿಗೆ ಮಾತು ಹೆಚ್ಚು, ಹಾಗಾಗಿ ಈ ಕಥೆಯ ಅರ್ಧ ಆಕೆಯೇ ನನಗೆ ಹೇಳಿದ್ದು.

ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಊರಿನವರೆಲ್ಲ ಗುಡ್ಡದ ಬುಡಕ್ಕೆ ಬಂದು ಕೂಗಿ ಪರೀಕ್ಷೆ ಮಾಡುತ್ತಾರೆ. ಕೂಗುವವನು ಹಿರಿಯ ಗುರುಪಾದಪ್ಪ, ಊರಿನಲ್ಲೇ ದೊಡ್ಡ ಗಂಟಲು. ದ್ಯಾಮಣ್ಣನ ಹೆಸರು ಕೂಗಿದಾಗಲೆಲ್ಲ ಆ ಹರಿದ ಕಿವಿಯ ಪ್ರಾಣಿ ತಟ್ಟನೆ ತಿರುಗುತ್ತಿತ್ತು. "ಭಾರಿ ಗಟ್ಟಿ ಹೆಸರಪಾ" ಎಂದು ಜನ ಮೆಚ್ಚಿಕೊಂಡು ಮಿರ್ಚಿ ತಿಂದು ಮನೆಗೆ ಹೋಗುತ್ತಿದ್ದರು. ಹೀಗೇ ವರ್ಷಗಳು ಹೋದವು. ಕೂಸು ನಡೆಯಿತು, ಓಡಿತು, ಶಾಲೆಗೆ ಹೊರಟಿತು, ಮುಂದಿನ ಹಲ್ಲು ಅಲುಗಾಡತೊಡಗಿತು.

ಆ ವರ್ಷ ಶಂಕ್ರವ್ವ ಮಗಳನ್ನು ಕಂಕುಳಲ್ಲಿ ಅವುಚಿಕೊಂಡೇ ಬಂದಿದ್ದಳು. ಗುರುಪಾದಪ್ಪ ಎದೆ ತುಂಬ ಉಸಿರೆಳೆದು "ದ್ಯಾಮಣ್ಣಾ" ಎಂದ. ಪ್ರಾಣಿ ತಿರುಗಿದ್ದಷ್ಟೇ ಅಲ್ಲ, ಎದ್ದು ಕುಂಟುತ್ತಾ ಗುಡ್ಡ ಇಳಿಯಿತು. ಜನ ಎರಡು ಭಾಗವಾಗಿ ದಾರಿ ಬಿಟ್ಟರು. ಅದು ಗುರುಪಾದಪ್ಪನನ್ನು ಕಣ್ಣೆತ್ತಿಯೂ ನೋಡದೆ ನೇರವಾಗಿ ಶಾವಂತ್ರೆವ್ವನ ಮುಂದೆ ಬಂದು ಕೂತು, ಆಕೆಯ ಸೆರಗಿನೊಳಗೆ ಮೂಗು ತೂರಿಸಿ ಹುಡುಕತೊಡಗಿತು.

ಯಾರೂ ಏನೂ ಹೇಳಬೇಕಾಗಲಿಲ್ಲ. ಗಂಗವ್ವ ಮೀಸೆ ಸವರಿಕೊಂಡು, "ನಾಯಿಗೆ ಅಂತ ಹೇಳಿ ಒಯ್ಯತಿದ್ದಳಲ್ಲೋ ಯಪ್ಪಾ" ಅಂದ. ಒಬ್ಬಿಬ್ಬರು ನಕ್ಕರು. ಶಂಕ್ರವ್ವ ನಗಲಿಲ್ಲ. ಆಕೆ ಜಗಳಗಂಟಿಯಲ್ಲ, ಅತ್ತೆಗೆ ಒಂದು ದಿನವೂ ಎದುರಾಡಿದವಳಲ್ಲ. ಮಗಳ ಮುಖವನ್ನು ಅತ್ತೆಯ ಕಡೆಗೆ ತಿರುಗಿಸಿ, ಬೆರಳಿನಿಂದ ತುಟಿ ಸರಿಸಿ ತೋರಿಸಿದಳು.

"ನೋಡ್ರಿ ಅತ್ತಿ. ಗಾಳಿ ಬೀಸಿದ್ರ ಅಳ್ಳಾಡತೈತಿ. ಇನ್ನ ಎಷ್ಟ ದಿನ ಇದ್ದೀತು? ನಾ ನಿಮಗ ಏನ ಕಮ್ಮಿ ಮಾಡೀನಿ?"

ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲವಂತೆ.

ಮರುದಿನ ಬೆಳಿಗ್ಗೆಯೇ ಅಂಗಡಿಗೆ ಬಂದಳು. ಕಣ್ಣು ಕೆಂಪಗಿದ್ದವು. ಬೆಂಚಿನ ಮೇಲೆ ಕೂತು, ಚಹಾ ಆರುವ ತನಕ ಕೈಯಲ್ಲೇ ಹಿಡಿದಿದ್ದು, "ಖರೇ ಹೇಳು. ಹೆಸರಿಲ್ಲದ ನಿನಗ ಏನ ಕಮ್ಮಿ ಆಗೇತಿ?" ಎಂದು ಕೇಳಿದಳು. ಏನೂ ಕಡಿಮೆಯಾಗಿಲ್ಲ ಎಂದು ನಾನು ಹೇಳಲಿ ಎಂದೇ ಕೇಳಿದ್ದಳು, ಅದು ನನಗೂ ಗೊತ್ತಾಯಿತು. ಹೇಳಿಬಿಡಬಹುದಿತ್ತು, ಮುಕ್ಕಾಲು ಭಾಗ ನಿಜವೂ ಆಗಿತ್ತು.

"ಚೊಲೋನ ಅದೀನಿ ಯವ್ವಾ," ಅಂದೆ. "ಆದ್ರ ಸಣ್ಣಾಂವ ಇದ್ದಾಗ ನಮ್ಮವ್ವ ಬಾಗಲದಾಗ ನಿಂತು ಕಿರುಬಾ ಅಂತ ಕೂಗಿದ್ರ ಓಣ್ಯಾಗಿನ ಹುಡುಗ್ರೆಲ್ಲಾ ಓಡಿ ಬರತಿದ್ವು. ಉಳಿದವಕ್ಕ ಒಂದೊಂದಾಗಿ ಹೆಸರು ಬಂತು. ನಾ ದೊಡ್ಡಾಂವ ಆದ್ಯಾ, ಆದ್ರೂ ಅವ್ವ ಕೂಗಿದ್ರ ಹೊಸಾ ಕೂಸುಗಳು ತಿರುಗತಿದ್ವು. ನನ್ನನ್ನ ಕರದಾಳ ಅಂತ ನನಗ ಒಂದ ಸಲಾನೂ ಖಾತ್ರಿ ಆಗಲಿಲ್ಲ. ಅಷ್ಟಽ ನೋಡು."

ಶಾವಂತ್ರೆವ್ವ ಚಹಾ ಕೆಳಗಿಟ್ಟಳು. ಆಮೇಲೆ ಹೊಟ್ಟೆಯೊಳಗಿದ್ದದ್ದನ್ನೆಲ್ಲ ಹೇಳಿಕೊಂಡಳು. ಹೆಸರು ಕೂಸಿಗೆ ಹೋದರೆ ತಾನು ಅದನ್ನು ಮತ್ತೆ ಬಾಯಿಬಿಟ್ಟು ಹೇಳುವಂತಿಲ್ಲ. ಗಂಡನ ಹೆಸರು ಯಾರ ಮೈಮೇಲಿದ್ದರೂ ಗಂಡನ ಹೆಸರೇ. ಮೊಮ್ಮಗಳನ್ನು ಮತ್ತೆ "ಇಲ್ನೋಡು" ಎಂದೇ ಕರೆಯಬೇಕು, ಮತ್ತೆ ಅಂಗಿ ಜಗ್ಗಬೇಕು. ಗುಡ್ಡದ ಪ್ರಾಣಿಯ ಮುಂದೆ ಮಾತ್ರ ಆ ನಿಯಮವಿಲ್ಲ. "ಅವರು ಇದ್ದಾಗ ಒಂದ ಸಲ ಕರದಿದ್ರ ಇಷ್ಟ ಆಸಿ ಇರತಿದ್ದಿಲ್ಲೇನೋ," ಅಂದಳು. "ಬಾಯಿ ತುಂಬ ಕರಿಯೂದು ಎಷ್ಟ ಹಿತಾ ಇರತೈತಿ ಅಂತ ನನಗ ಗೊತ್ತಽ ಇರಲಿಲ್ಲ."

ಅಂದಹಾಗೆ ಎಲುಬು ಹಾಕುವುದನ್ನು ಈಗ ನಿಲ್ಲಿಸಿದರೂ ಪ್ರಯೋಜನವಿರಲಿಲ್ಲ. ಇಷ್ಟು ವರ್ಷ ತಿಂದು ಕಲಿತದ್ದನ್ನು ಅದು ಮರೆಯುವುದರೊಳಗೆ ಕೂಸಿನ ಬಾಯಲ್ಲಿ ಹೊಸ ಹಲ್ಲೇ ಬಂದಿರುತ್ತಿತ್ತು. ಅದನ್ನೇ ನಾನು ಹೇಳಿದೆ. ಮರೆಸಲಿಕ್ಕಾಗದಿದ್ದರೆ ಬೇರೆ ಏನಾದರೂ ಕಲಿಸಬೇಕು, ಆದರೆ ಊರಿನಲ್ಲಿ ಖಾಲಿ ಇರುವ ಹೆಸರು ಎಲ್ಲಿದೆ ಎಂದು ಸುಮ್ಮನೆ ಬಾಯಿಮಾತಿಗೆ ಅಂದೆ. ಆಕೆ ನನ್ನನ್ನೇ ದಿಟ್ಟಿಸಿದಳು.

"ನಂದು ಐತಲ್ಲ," ಅಂದಳು. "ಅವರು ಹೋದ ಮ್ಯಾಲೆ ಯಾರ ಕರದಾರ ಅದನ್ನ? ಮಗಾ ಅವ್ವ ಅಂತಾನ, ಸೊಸಿ ಅತ್ತಿ ಅಂತಾಳ, ಕೂಸು ಆಯಿ ಅಂತೈತಿ. ಮೂಲ್ಯಾಗ ಸುಮ್ನ ಬಿದ್ದೈತಿ."

ಮಾತು ಆಡಿ ಮುಗಿಸುವುದರೊಳಗೆ ಗುರುಪಾದಪ್ಪ ಬೆಳಗಿನ ಚಹಾಕ್ಕೆ ಬಂದ. ಆಕೆ ಹಿಂದೆಮುಂದೆ ನೋಡದೆ ಆತನಿಗೂ ಹೇಳಿಬಿಟ್ಟಳು. ಆತ ಬಸಿಯಲ್ಲಿದ್ದ ಚಹಾ ಚೆಲ್ಲಿಕೊಂಡ. ಸತ್ತವರ ಹೆಸರನ್ನು ಕಿರುಬಕ್ಕೆ ಕೊಡುವುದು, ಬದುಕಿದವರದ್ದನ್ನಲ್ಲ ಎಂದ. ಹಾಗೆಂದು ಯಾರು ಹೇಳಿದ್ದು ಎಂದು ಆಕೆ ಕೇಳಿದಳು. ಗುರುಪಾದಪ್ಪ ನೆನಪು ಕೆದಕಿದ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

"ಆತು, ನಿನ್ನನ್ನ ಏನಂತ ಕರಿಯೂದು ಮತ್ತ?"

"ಹೆಸರು ಕಿರುಬಕ್ಕ ಹೋದ ಮನ್ಯಾಗ ಕೂಸಿಗೆ ಏನಂತೀರಿ? ನನಗೂ ಅದನ್ನ ಅನ್ರಿ."

ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ಕೂಗಿ ನೋಡುತ್ತೇನೆ ಎಂದು ಗುರುಪಾದಪ್ಪ ಗಡುವು ಕೊಟ್ಟ. ಆ ತಿಂಗಳು ನಮ್ಮೂರು ಒಂದು ಹಾಲುಹಲ್ಲನ್ನು ಕಾಯ್ದ ಹಾಗೆ ಯಾವ ಊರೂ ತನ್ನ ಕೋಟೆಯನ್ನೂ ಕಾಯ್ದಿರಲಿಕ್ಕಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ಕರಗುವಷ್ಟು ನೆನೆಸಿ ಕೊಟ್ಟರು. ಓಣಿಯಲ್ಲಿ ಯಾರೂ ಕಬ್ಬು, ಶೇಂಗಾ, ಚಕ್ಕುಲಿ ತಿನ್ನಬಾರದೆಂದಾಯಿತು, ಕೂಸಿಗೆ ಆಸೆಯಾಗಬಾರದಲ್ಲ. ಶಾಲೆಯ ಮೇಷ್ಟ್ರು ಆಟದ ಹೊತ್ತಿನಲ್ಲಿ ಅದನ್ನು ತಮ್ಮ ಕುರ್ಚಿಯ ಮೇಲೆ ಕೂರಿಸಿಕೊಂಡರು. ಮನೆಮನೆಯಿಂದ ಶಾವಿಗೆ ಪಾಯಸ, ಸಜ್ಜಕ, ಮೆತ್ತನೆಯ ಹುಗ್ಗಿ ಬಂದವು. ಕೂಸು ಮಹಾ ಕಿಲಾಡಿ. ಪಾಯಸ ತಡವಾದರೆ ನಾಲಗೆಯಿಂದ ಹಲ್ಲನ್ನು ಮುಂದಕ್ಕೆ ತಳ್ಳಿ ತೋರಿಸುತ್ತಿತ್ತು, ದೊಡ್ಡವರ ಜೀವ ಬಾಯಿಗೆ ಬರುತ್ತಿತ್ತು.

ಇತ್ತ ಶಾವಂತ್ರೆವ್ವ ಪ್ರತಿ ಸಂಜೆ ಎಲುಬು ಹಿಡಿದು ಬಂಡೆಯ ಹತ್ತಿರ ನಿಂತಳು. ಈಗ ಮುಚ್ಚಿಕೊಳ್ಳುವ ಅಗತ್ಯವಿರಲಿಲ್ಲ. ಮೊದಲ ದಿನ "ದ್ಯಾಮಣ್ಣಾ, ಇದು ಕಡೀ ಸಲ" ಎಂದು ಕರೆದು, ತುಂಬ ಹೊತ್ತು ಅದರ ಮುಖ ನೋಡಿದಳು. ನಾನು ಅಂಗಡಿಯ ಒಳಗೆ ಹೋದೆ, ಅದನ್ನು ನೋಡಬಾರದು ಅನ್ನಿಸಿತು. ಮರುದಿನದಿಂದ ತನ್ನ ಹೆಸರನ್ನು ತಾನೇ ಕೂಗತೊಡಗಿದಳು. ಅದಕ್ಕೆ ಇನ್ನೊಂದು ತರಹದ ನಾಚಿಕೆ. ಪ್ರಾಣಿ ಕೂತಲ್ಲೇ ಕೂತು ಆಕೆಯನ್ನು ಕನಿಕರದಿಂದ ನೋಡುತ್ತಿತ್ತು. ಕೂಗಿ, ಎಲುಬು ಎಸೆದು, ಮತ್ತೆ ಕೂಗಿ. ಹಳೆಯ ಹೆಸರು ತುಟಿಗೆ ಬಂದಾಗಲೆಲ್ಲ ನುಂಗಿಕೊಳ್ಳುವುದು ನನಗೆ ದೂರಕ್ಕೂ ಕಾಣುತ್ತಿತ್ತು. ಕೆಲವು ಸಂಜೆ ಅಳುತ್ತಲೇ ಕೂಗಿದಳು. ಆದರೆ ಬರುವುದನ್ನು ತಪ್ಪಿಸಲಿಲ್ಲ. ಗಂಗವ್ವ ಒಳ್ಳೆಯ ಮಜ್ಜೆಯ ಎಲುಬನ್ನೇ ಆರಿಸಿ ಕೊಟ್ಟ. ಹಾಗಿರುವಾಗ ಒಂದು ಸಂಜೆ ಆಕೆ ಕೂಗಿದಾಗ ಹರಿದ ಕಿವಿ ಸ್ವಲ್ಪ ಮಿಸುಕಿತು.

ಗಡುವಿನ ದಿನ ಊರಿಗೆ ಊರೇ ನೆರೆಯಿತು. ನಾನು ಮಿರ್ಚಿ ಕರಿಯುವುದನ್ನೂ ಬಿಟ್ಟು ಮುಂದೆ ಹೋಗಿ ನಿಂತೆ. ಹಲ್ಲು ಒಂದು ಎಳೆಯ ಮೇಲೆ ನೇತಾಡುತ್ತಿತ್ತು. ಶಂಕ್ರವ್ವ ಮಗಳ ಗದ್ದ ಹಿಡಿದು ಬಾಯಿ ಮುಚ್ಚಿಸಿದ್ದಳು. ಗುರುಪಾದಪ್ಪ ಗಂಟಲು ಸರಿಮಾಡಿಕೊಂಡ.

"ದ್ಯಾಮಣ್ಣಾ!"

ಪ್ರಾಣಿ ಬಂಡೆಯ ಮೇಲೆ ಮಲಗಿತ್ತು. ಹಿಂಗಾಲಿನಿಂದ ಹೊಟ್ಟೆ ಕೆರೆದುಕೊಂಡಿತು.

"ದ್ಯಾಮಣ್ಣಾ!" ಎರಡನೆಯ ಕೂಗು ಗುಡ್ಡದ ಆಚೆಗೂ ಹೋಗಿರಬೇಕು. ಅದು ಆಕಳಿಸಿ ಬೇರೆ ಕಡೆ ಮುಖ ಮಾಡಿತು. ಜನ ಹಿಡಿದಿದ್ದ ಉಸಿರು ಬಿಟ್ಟರು. ಗುರುಪಾದಪ್ಪ ಖಾತ್ರಿ ಮಾಡಿಕೊಳ್ಳಲೆಂದು "ಶಾವಂತ್ರೆವ್ವಾ" ಎಂದ. ಪ್ರಾಣಿ ಎರಡೂ ಕಿವಿ ನೆಟ್ಟಗೆ ಮಾಡಿ ತಿರುಗಿತು. ನಾವೆಲ್ಲ ರೂಢಿಬಲದಿಂದ ಆ ಮುದುಕಿಯ ಕಡೆ ತಿರುಗಿದೆವು. ಆಕೆ ಮಾತ್ರ ತಿರುಗಲಿಲ್ಲ, ಮೊಮ್ಮಗಳನ್ನೇ ನೋಡುತ್ತಿದ್ದಳು.

ಹೆಸರು ಬಿಟ್ಟಿತು, ಇನ್ನು ಇಡುವುದೊಂದೇ ಬಾಕಿ. ಮನೆಯ ಹಿರಿಯರು ಕೂಸನ್ನು ಮೊದಲ ಬಾರಿಗೆ ಕರೆಯಬೇಕು, ಅದು ಓ ಅನ್ನಬೇಕು. ಹಿರಿಯಳು ಈಕೆಯೇ ಆದರೂ ಗಂಡನ ಹೆಸರಾದ್ದರಿಂದ ಬಾಳಪ್ಪ ಮುಂದೆ ಬಂದ. ಆಕೆ ಅವನ ಎದೆಯ ಮೇಲೆ ಕೈಯಿಟ್ಟು ತಡೆದಳು.

"ನಾ ಕರೀತೀನಿ."

"ಏ ಯವ್ವಾ, ಏನಿದು?" ಗುರುಪಾದಪ್ಪ ಗಾಬರಿಯಾದ. "ಇಷ್ಟ ಮಂದ್ಯಾಗ ಗಂಡನ ಹೆಸರ ಹಿಡದು ಕರೀತಿಯೇನು?"

"ಯಾರ ಗಂಡ?" ಆಕೆ ಗುಡ್ಡದ ಕಡೆ ಕೈ ತೋರಿಸಿದಳು. "ದ್ಯಾಮಣ್ಣ ಶಾವಂತ್ರೆವ್ವನ ಗಂಡ. ಶಾವಂತ್ರೆವ್ವ ಅಲ್ಲಿ ಬಂಡೆ ಮ್ಯಾಲೆ ಕುಂತಾಳ. ಈಗ ನೀವಽ ಕೂಗಿದ್ರಿ, ನೀವಽ ನೋಡಿದ್ರಿ. ನಾ ಕಿರುಬ. ನನಗ್ಯಾವ ಗಂಡ, ನನಗ್ಯಾವ ಕಟ್ಟಳೆ?"

ಗುರುಪಾದಪ್ಪ ಬಂಡೆಯ ಕಡೆ ನೋಡಿದ, ಆಕೆಯ ಕಡೆ ನೋಡಿದ, ಪಕ್ಕಕ್ಕೆ ಸರಿ ಎಂದು ಬಾಳಪ್ಪನಿಗೆ ಕೈಸನ್ನೆ ಮಾಡಿದ. ಮೊದಲು ನಕ್ಕವಳು ಶಂಕ್ರವ್ವ, ಅದೂ ಕಣ್ಣಲ್ಲಿ ನೀರು ತುಂಬಿಕೊಂಡು. ಆಮೇಲೆ ಗಂಗವ್ವ, ಆಮೇಲೆ ಎಲ್ಲರೂ. ಊರಿನಲ್ಲಿ ಇನ್ನು ನಾನೊಬ್ಬನೇ ದೊಡ್ಡ ಕಿರುಬ ಅಲ್ಲ ಎಂಬುದು ನನಗೆ ಆಗ ಹೊಳೆಯಿತು. ಎಂಥ ಸಂತೋಷವಾಯಿತು ಎಂದರೆ, ಆ ದಿನ ಎಲ್ಲರಿಗೂ ಚಹಾ ಪುಕ್ಕಟೆ ಕೊಟ್ಟೆ.

ಆಕೆ ಸೆರಗು ಸರಿಮಾಡಿಕೊಂಡು, ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತಳು. ಎದುರಿಗಿದ್ದ ಕೂಸನ್ನು ಕರೆಯಲು ಅಷ್ಟು ದೂರ ಯಾಕೆ ಎಂದು ಯಾರೂ ಕೇಳಲಿಲ್ಲ. ಗಟ್ಟಿಯಾಗಿ ಕೂಗಬೇಕಿತ್ತಲ್ಲ.

"ದ್ಯಾಮಣ್ಣಾ!"

ಶಂಕ್ರವ್ವ ಗದ್ದ ಬಿಟ್ಟಳು. ಅಲ್ಲಿ ನೆರೆದಿದ್ದ ಸಣ್ಣ ಕಿರುಬಗಳಲ್ಲಿ ಒಂದೂ ಅತ್ತ ಕತ್ತು ಹೊರಳಿಸಲಿಲ್ಲ. ಆ ಒಂದು ಕೂಸು ಮಾತ್ರ ತಿರುಗಿ, ಇಷ್ಟು ದಿನ ಮುಚ್ಚಿಸಿಟ್ಟಿದ್ದ ಬಾಯಿ ತೆರೆದು "ಓ" ಎಂದಿತು.

"ದ್ಯಾಮಣ್ಣಾ!"

"ಓ! ಯಾಕಬೇ ಆಯಿ?"

"ಏನಿಲ್ಲವ್ವಾ," ಅಂದಳು ಅಜ್ಜಿ. "ಸುಮ್ನ ಕರದೆ."